ಸಣಕಲನ ಕೊಬ್ಬು

ಫೆಬ್ರವರಿಯ ಮೊದಲ ಸೋಮವಾರ ಡಯಾಲಿಸಿಸ್ ಕೇಂದ್ರದಲ್ಲಿ ಫೂಸಿಗೆ ಕೊಟ್ಟ ಕುರ್ಚಿ, ಆರು ವರ್ಷದ ಹಿಂದೆ ಅವಳ ಅಪ್ಪ ಕೂರುತ್ತಿದ್ದ ಕುರ್ಚಿಯೇ ಆಗಿತ್ತು. ಕಿಟಕಿಯಿಂದ ಮೂರನೆಯದು. ಕೈಯಿಡುವ ಕಡೆ ರೆಕ್ಸಿನ್ ಹರಿದಲ್ಲಿ ಅಂಟಿಸಿದ್ದ ಬಿಳಿ ಟೇಪು ಈಗ ಕಂದು ಬಣ್ಣಕ್ಕೆ ತಿರುಗಿತ್ತು, ಅಷ್ಟೇ ವ್ಯತ್ಯಾಸ. ಅಕ್ಕನನ್ನು ಕಾರಿನಲ್ಲಿ ಕರೆತಂದಿದ್ದ ತಮ್ಮ ಲಿಸಿಯಾತೆ ಅದನ್ನು ಕಂಡ ಕೂಡಲೇ ಗುರುತಿಸಿದ. ಫೂಸಿಯೂ ಗುರುತಿಸಿದಳು. ಒಂದು ಗಳಿಗೆ ನಿಂತಳು, ಆಮೇಲೆ ಕೂತು ತೋಳನ್ನು ಮೇಲಕ್ಕೆ ಸರಿಸಿಕೊಂಡಳು. ನರ್ಸು ಸೂಜಿ ತರುವಷ್ಟರಲ್ಲಿ ಲಿಸಿಯಾತೆ ಹೊರಗೆ ಹೋಗಿಬಿಟ್ಟಿದ್ದ.

ಮನೆಗೆ ಬಂದಾಗ ಅಮ್ಮ ಅನಸೇಯಿನಿ ಕೇಳಿದ್ದು ಒಂದೇ ಮಾತು: ಯಾವ ಕುರ್ಚಿ ಕೊಟ್ಟರು? ಬಾಗಿಲ ಹತ್ತಿರದ್ದು ಎಂದ ಲಿಸಿಯಾತೆ. ಅಮ್ಮ ನಂಬಿದಳೋ ಇಲ್ಲವೋ, ಗೆಡ್ಡೆ ಹೆಚ್ಚುತ್ತಿದ್ದ ಚೂರಿಯನ್ನು ತೊಳೆದು, ಒರೆಸಿ, ಮತ್ತೆ ತೊಳೆದಳು.

ಅಮೆರಿಕದ ವೆಸ್ಟ್ ವ್ಯಾಲಿ ಊರಿನ ಆ ಇಟ್ಟಿಗೆ ಮನೆಯಲ್ಲಿ ಐದು ಜನ. ಮೇಲೆ ಅಮ್ಮ, ಫೂಸಿ, ಲಿಸಿಯಾತೆ. ನೆಲಮಾಳಿಗೆಯಲ್ಲಿ ನಡುವಿನ ಮಗ ಕೆಲೇಪಿ ಮತ್ತು ಅವನ ಹೆಂಡತಿ ಲೂಪೆ. ಊಟ ಮಾತ್ರ ಎಲ್ಲರದೂ ಮೇಲೆಯೇ, ಒಂದೇ ಮೇಜಿನಲ್ಲಿ. ಫೂಸಿಗೆ ನಲವತ್ತಾರು, ಮದುವೆಯಾಗದೆ ಉಳಿದವಳು, ಶಾಲೆಯೊಂದರ ಅಡುಗೆಮನೆ ನೋಡಿಕೊಳ್ಳುತ್ತಿದ್ದಳು. ನಮ್ಮ ಟೋಂಗಾ ದ್ವೀಪದ ಜನರಲ್ಲಿ ಹಿರಿಯಕ್ಕನ ಮಾತಿಗೆ ತಮ್ಮಂದಿರು ಎದುರಾಡುವುದಿಲ್ಲ. ಅವಳ ಕೋಣೆಯ ಹೊಸ್ತಿಲು ದಾಟುವುದಿಲ್ಲ. ಅವಳ ಮುಂದೆ ಹೊಟ್ಟೆ, ಸೊಂಟ, ಮೂತ್ರ, ಇಂಥ ಮೈಯ ಮಾತು ತೆಗೆಯುವುದಿಲ್ಲ. ಹಾಗಾಗಿ ಆ ಮನೆಯಲ್ಲಿ ಕಿಡ್ನಿ ಎಂಬ ಪದ ಸೊಸೆ ಲೂಪೆಯ ಬಾಯಿಂದ ಮಾತ್ರ ಬರುತ್ತಿತ್ತು. ಉಳಿದವರು ಫೂಸಿಯ ಕಾಯಿಲೆಯನ್ನು "ಅದು" ಎನ್ನುತ್ತಿದ್ದರು.

ಅಪ್ಪ ಪೌಲಿಯಾಸಿಯದೂ "ಅದೇ" ಆಗಿತ್ತು. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದು, ಕೊನೆಯ ನಾಲ್ಕು ವರ್ಷ ಅವನು ಆ ಕೇಂದ್ರಕ್ಕೆ ವಾರಕ್ಕೆ ಮೂರು ಸಲ ಹೋಗಿಬಂದ. ಮೈಯೆಲ್ಲ ನೀರು ತುಂಬಿ ಊದಿಕೊಂಡು, ಬಾಗಿಲಲ್ಲಿ ನಿಂತರೆ ಬಾಗಿಲೇ ಮುಚ್ಚಿಹೋದಂತೆ ಕಾಣುತ್ತಿದ್ದ. ಮನೆಯವರ ನೆನಪಿನಲ್ಲಿ ಉಳಿದದ್ದು ಆ ಅಪ್ಪನೇ. ದಪ್ಪಗಿದ್ದ, ಅದಕ್ಕೇ ಹೋದ ಎಂದು ಎಲ್ಲರೂ ತಿಳಿದಿದ್ದರು. ಅಂದಿನಿಂದ ಅಮ್ಮನ ಕಣ್ಣು ಕೆಲೇಪಿಯ ತಟ್ಟೆಯ ಮೇಲೆ.

ಕೆಲೇಪಿ ಕಲ್ಲಿನ ಗೋಡೆ ಕಟ್ಟುವವನು. ಆರಡಿ ಎತ್ತರ, ಇನ್ನೂರ ಎಂಬತ್ತೆರಡು ಪೌಂಡು. ಇಬ್ಬರು ಸೇರಿ ಎತ್ತುವ ಕಲ್ಲನ್ನು ಒಬ್ಬನೇ ಎದೆಗಾನಿಸಿಕೊಂಡು ನಡೆಯುತ್ತಿದ್ದ. ಲಿಸಿಯಾತೆ ವಿಮಾನ ನಿಲ್ದಾಣದ ಸಾಮಾನು ವಿಭಾಗದಲ್ಲಿ, ಪರದೆಯ ಮುಂದೆ ಕೂತು ಯಾವ ಪೆಟ್ಟಿಗೆ ಯಾವ ವಿಮಾನಕ್ಕೆ ಎಂದು ನೋಡುವವನು. ಮೂವತ್ತೆಂಟು ವರ್ಷ, ನೂರ ಅರವತ್ಮೂರು ಪೌಂಡು. ಚರ್ಚಿನ ಹೆಂಗಸರು ಅವನನ್ನು "ಸಣಕಲ" ಎಂದೇ ಕರೆಯುತ್ತಿದ್ದರು. ಭಾನುವಾರದ ಊಟಕ್ಕೆ ಹಿತ್ತಿಲ ಗುಂಡಿಯಲ್ಲಿ ಬೆಂದ ಲೂ, ಅಂದರೆ ಕೆಸುವಿನೆಲೆಯಲ್ಲಿ ಕಟ್ಟಿದ ಮಾಂಸ ಮತ್ತು ತೆಂಗಿನಹಾಲು, ಮೇಜಿಗೆ ಬಂದಾಗ ಅಮ್ಮ ಕೆಲೇಪಿಯ ಮುಂದಿನಿಂದ ಒಂದು ಪೊಟ್ಟಣ ಎತ್ತಿ ಲಿಸಿಯಾತೆಯ ಮುಂದೆ ಇಡುತ್ತಿದ್ದಳು. ನಿನಗೆ ಬೇಡ, ಅವನಿಗೆ ಬೇಕು ಎನ್ನುತ್ತಿದ್ದಳು. ಕೆಲೇಪಿ ನಗುತ್ತಿದ್ದ. ಲಿಸಿಯಾತೆ ತಿನ್ನುತ್ತಿದ್ದ.

ಕುರ್ಚಿಯ ಸಂಗತಿ ಆದ ವಾರವೇ ಕೆಲೇಪಿ ಕಿಡ್ನಿ ಕಸಿ ಮಾಡುವ ಆಸ್ಪತ್ರೆಗೆ ಫೋನು ಮಾಡಿದ. ಫೂಸಿ ಕೇಂದ್ರದಲ್ಲಿದ್ದ ಹೊತ್ತು ನೋಡಿ, ಅಡುಗೆಮನೆಯಲ್ಲಿ, ಎಲ್ಲರಿಗೂ ಕೇಳುವಂತೆ. ಆಚೆಯ ಹೆಣ್ಣುದನಿ ವಯಸ್ಸು ಕೇಳಿತು, ಎತ್ತರ ಕೇಳಿತು, ತೂಕ ಕೇಳಿತು. ಕೀಲಿಮಣೆ ಒತ್ತಿದ ಸದ್ದು. ನಿಮ್ಮ ಬಿಎಂಐ ಮೂವತ್ತೆಂಟು ದಾಟಿದೆ, ದಾನಿಗಳಿಗೆ ನಮ್ಮಲ್ಲಿ ಮೂವತ್ತೈದು ಮಿತಿ, ನಿಮ್ಮ ಒಳ್ಳೆಯ ಮನಸ್ಸಿಗೆ ಕೃತಜ್ಞತೆ ಎಂದಿತು. ಎಲ್ಲ ಸೇರಿ ನಾಲ್ಕು ನಿಮಿಷ.

ಕೆಲೇಪಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ.

"ನನ್ನ ಮುಖಾನೂ ನೋಡ್ಲಿಲ್ಲ," ಎಂದ.

"ಮುಖ ಕೊಡ್ತೀನಿ ಅಂದಿದ್ರೆ ನೋಡ್ತಿದ್ರೇನೋ," ಎಂದಳು ಲೂಪೆ. ಆದರೆ ಅವಳು ಸುಲಿಯುತ್ತಿದ್ದ ಗೆಡ್ಡೆಯ ಸಿಪ್ಪೆ ಅರ್ಧಕ್ಕೇ ನಿಂತಿತ್ತು.

ಬಿಎಂಐ ಅಂದರೆ ಏನೆಂದು ಅಮ್ಮ ಕೇಳಿದಳು. ಎತ್ತರಕ್ಕೆ ತಕ್ಕ ತೂಕ ಇದೆಯೋ ಇಲ್ಲವೋ ನೋಡುವ ಲೆಕ್ಕ ಎಂದ ಲಿಸಿಯಾತೆ. ನಾನು ಆರು ವರ್ಷದಿಂದ ಬಾಯಲ್ಲಿ ಹೇಳುತ್ತಿದ್ದುದನ್ನೇ ಅವರು ಯಂತ್ರದಲ್ಲಿ ಹೇಳಿದರು ಎಂದು ಅಮ್ಮ ಎದ್ದುಹೋದಳು.

ಮರುದಿನದಿಂದ ಕೆಲೇಪಿ ಉಪವಾಸ ಹಿಡಿದ. ಬೆಳಗ್ಗೆ ನೀರು, ಮಧ್ಯಾಹ್ನ ಬೇಯಿಸಿದ ಎಲೆಕೋಸು, ಸಂಜೆ ಮತ್ತೆ ನೀರು. ಹಾಗೇ ಹೋಗಿ ಕಲ್ಲು ಹೊತ್ತು ಬರುತ್ತಿದ್ದ. ಮೂರನೆಯ ವಾರಕ್ಕೆ ಕಲ್ಲು ಕೈಜಾರತೊಡಗಿತು. ಶುಕ್ರವಾರ ಗಂಡಸರು ಸೇರಿ ಕಾವಾ ಬೇರಿನ ಪಾನೀಯ ಕುಡಿಯುವ ಕೂಟಕ್ಕೆ ಹೋಗುವುದನ್ನು ಬಿಟ್ಟ. ಒಲೆಯ ಮೇಲೆ ಮಾಂಸ ಕುದಿಯುತ್ತಿದ್ದರೆ ಹಿಮದಲ್ಲಿ ಹೋಗಿ ನಿಲ್ಲುತ್ತಿದ್ದ. ಅಮ್ಮ ಮೊದಲು ಮೆಚ್ಚಿದಳು, ಆಮೇಲೆ ಹೆದರಿದಳು, ಕೊನೆಗೆ ಸೊಸೆಯ ಮೇಲೆ ಹರಿಹಾಯ್ದಳು: ಹೆಂಡತಿಯಾದವಳು ಗಂಡನ ಹೊಟ್ಟೆಗೆ ಒಂದು ತುತ್ತು ಹೋಗುವ ಹಾಗೆ ನೋಡಬಾರದೇ?

"ನಂಗೇನು ಗೊತ್ತತ್ತೆ," ಎಂದಳು ಲೂಪೆ. "ಮೊದ್ಲು ತಿನ್ಬೇಡ ಅಂತ ನೀವೇ ಅಂದ್ರಿ. ಈಗ ನೋಡಿ, ಇವ್ರು ಗೋಡೆ ಕಟ್ಟೋಕೆ ಅಂತ ಹೋಗಿ ಗೋಡೆ ಹಿಡ್ಕೊಂಡು ನಿಲ್ತಾರೆ."

ನಾಲ್ಕು ವಾರಕ್ಕೆ ಹದಿನಾರು ಪೌಂಡು ಇಳಿಯಿತು. ಇನ್ನೂ ಅಷ್ಟೇ ಇಳಿಯದಿದ್ದರೂ ಎಂಟು ಹತ್ತು ಪೌಂಡಾದರೂ ಬೇಕಿತ್ತು. ಅಷ್ಟರಲ್ಲಿ ಎಲ್ಲರ ಕಣ್ಣು ಮೆಲ್ಲಗೆ ಲಿಸಿಯಾತೆಯ ಕಡೆ ತಿರುಗಿತ್ತು.

ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಅದೇ ಅವನಿಗೆ ಕಷ್ಟವಾಯಿತು. ಅಮ್ಮ ಅವನ ಅಂಗಿಗೆ ಇಸ್ತ್ರಿ ಹಾಕಿಡತೊಡಗಿದಳು. ಪಾದ್ರಿ ಕೈಕುಲುಕುವಾಗ ಕೈಯನ್ನು ಒಂದಿಷ್ಟು ಹೆಚ್ಚು ಹೊತ್ತು ಹಿಡಿದುಕೊಂಡರು. ಮಾರ್ಚಿನ ಎರಡನೆಯ ಭಾನುವಾರ ಊಟದ ನಡುವೆ, ಯಾರ ಮುಖವನ್ನೂ ನೋಡದೆ, ನಾನು ಕೊಡುತ್ತೇನೆ ಎಂದುಬಿಟ್ಟ. ಫೂಸಿ ತಲೆ ತಗ್ಗಿಸಿದಳು. ಅಮ್ಮ ಅಳುತ್ತ ಹಾಡಿನ ಸಾಲೊಂದನ್ನು ಎತ್ತಿಕೊಂಡಳು. ಕೆಲೇಪಿ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟು, ತಿಂಗಳ ಮೇಲೆ ಮೊದಲ ಸಲ ಲೂ ಪೊಟ್ಟಣ ಬಿಚ್ಚಿದ.

ಆಸ್ಪತ್ರೆಯಲ್ಲಿ ದಾನಿಗಳನ್ನು ನೋಡಿಕೊಳ್ಳುತ್ತಿದ್ದವಳು ಮಾರ್ಲಿಸ್ ಎಂಬ ನರ್ಸು. ಬೆಳ್ಳಿಕೂದಲಿನ, ಮೆತ್ತಗೆ ಮಾತಾಡುವ ಹೆಂಗಸು. ಅವನನ್ನು ನಿಲ್ಲಿಸಿ ಅಳೆದಳು, ತೂಗಿದಳು. ಇಪ್ಪತ್ಮೂರು ಚಿಲ್ಲರೆ. ಪುಸ್ತಕದಲ್ಲಿ ಹೇಗೆ ಇರಬೇಕೆಂದು ಬರೆದಿದೆಯೋ ಹಾಗೇ ಇದ್ದೀರಿ ಎಂದು ನಕ್ಕಳು. ನಿಮ್ಮ ಅಪ್ಪನಿಗೂ ಅಕ್ಕನಿಗೂ ಸಕ್ಕರೆ ಕಾಯಿಲೆ ಬಂದದ್ದರಿಂದ ರಕ್ತದ ಜೊತೆಗೆ ಇನ್ನೊಂದು ಪರೀಕ್ಷೆ ಮಾಡುತ್ತೇವೆ, ಮಲಗಿದರೆ ಸಾಕು, ಯಂತ್ರ ಮೈಮೇಲೆ ಸರಿದುಹೋಗುತ್ತದೆ ಎಂದಳು. ಅವನು ಮಲಗಿದ. ಯಂತ್ರ ಸರಿದುಹೋಯಿತು.

ಆಮೇಲಿನ ಹತ್ತು ದಿನ ಆ ಮನೆಯಲ್ಲಿ ಮದುವೆಮನೆಯ ಸಡಗರ. ಚರ್ಚಿನ ಹೆಂಗಸರು ಕುರಿಯ ಪಕ್ಕೆಲುಬು, ತೆಂಗಿನಹಾಲಿನಲ್ಲಿ ಬೆಂದ ಬಾಳೆ, ಕರಿದ ಸಿಹಿಬೋಂಡ ಹೊತ್ತುಬಂದರು. ದಾನ ಕೊಡುವ ಮೈಗೆ ಬಲ ಬೇಕು ಎಂದರು. ಲಿಸಿಯಾತೆ ತಿಂದ. ಒಂದು ಮಧ್ಯಾಹ್ನ ಅಮ್ಮ ಅಡುಗೆಮನೆಯಿಂದ "ಪೌಲಿ, ಇಲ್ಲಿ ಬಾ" ಎಂದು ಕರೆದಳು. ಅದು ಅಪ್ಪನ ಹೆಸರು. ಲಿಸಿಯಾತೆ ಎದ್ದುಹೋಗಿ ಅವಳಿಗೆ ಡಬ್ಬಿಯ ಮುಚ್ಚಳ ತೆಗೆದುಕೊಟ್ಟು ಬಂದ. ಏನು ಕರೆದೆನೆಂದು ಅಮ್ಮನಿಗೆ ಗೊತ್ತಾಗಲಿಲ್ಲ. ತಾನು ಏಕೆ ಓಗೊಟ್ಟೆನೆಂದು ಅವನಿಗೂ ಗೊತ್ತಾಗಲಿಲ್ಲ.

ಏಪ್ರಿಲ್ ಮೊದಲಿಗೆ ಮಾರ್ಲಿಸ್ ಕರೆಸಿದಳು. ಎರಡು ಕುರ್ಚಿ, ಒಂದು ಟಿಶ್ಯೂ ಪೆಟ್ಟಿಗೆ ಇದ್ದ ಸಣ್ಣ ಕೋಣೆ. ಹಾಳೆಯೊಂದನ್ನು ಅವನ ಕಡೆಗೆ ತಿರುಗಿಸಿ ಇಟ್ಟಳು. ಕಪ್ಪು ಹಿನ್ನೆಲೆಯಲ್ಲಿ ಮನುಷ್ಯನ ಆಕಾರ, ನಡುವೆ ಹಳದಿ ಹಳದಿ.

"ನಿಮ್ಮಿಂದ ತಗೊಳ್ಳೋಕೆ ಆಗಲ್ಲ," ಎಂದಳು. "ನಿಮಗೆ ಸಕ್ಕರೆ ಕಾಯಿಲೆ ಇದೆ. ಈಗಿಂದಲ್ಲ, ಒಂದೆರಡು ವರ್ಷದಿಂದ ಇರಬೇಕು. ಯಕೃತ್ತಲ್ಲೂ ಕೊಬ್ಬು ಕೂತಿದೆ."

ನಾನು ಸಣ್ಣಗಿದ್ದೇನಲ್ಲ ಎಂದ ಅವನು. ನೀವೇ ಹೇಳಿದಿರಲ್ಲ, ಪುಸ್ತಕದಲ್ಲಿ ಇದ್ದ ಹಾಗೆ ಅಂತ.

ಮಾರ್ಲಿಸ್‌ಗೆ ಅವನ ಕೆಲಸ ಏನೆಂದು ಗೊತ್ತಿತ್ತು. ನಿಮ್ಮ ನಿಲ್ದಾಣದ ಕೌಂಟರಿನಲ್ಲಿ ಪೆಟ್ಟಿಗೆಯನ್ನು ತೂಗುತ್ತೀರಿ, ಐವತ್ತು ಪೌಂಡಿನ ಒಳಗಿದ್ದರೆ ಸರಿ ಎನ್ನುತ್ತೀರಿ, ಅಷ್ಟಕ್ಕೇ ಒಳಗೇನಿದೆ ಅಂತ ಗೊತ್ತಾಗುತ್ತದೆಯೇ ಎಂದು ಕೇಳಿದಳು. ಬಿಎಂಐ ಆ ತಕ್ಕಡಿ. ಎತ್ತರ ಮತ್ತು ತೂಕ ಬಿಟ್ಟು ಅದಕ್ಕೆ ಬೇರೇನೂ ತಿಳಿಯದು; ಮೂಳೆ ಯಾವುದು, ಸ್ನಾಯು ಯಾವುದು, ಕೊಬ್ಬು ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಈ ಚಿತ್ರ ಪೆಟ್ಟಿಗೆಯ ಒಳಗಿನದು, ಹಳದಿಯೆಲ್ಲ ಕೊಬ್ಬು. ನಿಮ್ಮ ಮೈತೂಕದಲ್ಲಿ ನೂರಕ್ಕೆ ಮೂವತ್ತೆರಡು ಪಾಲು ಕೊಬ್ಬು, ಅದರಲ್ಲೂ ಹೆಚ್ಚಿನದು ಹೊಟ್ಟೆಯೊಳಗೆ, ಕರುಳಿನ ಸುತ್ತ. ಸ್ನಾಯು ಇರಬೇಕಾದ್ದಕ್ಕಿಂತ ಬಹಳ ಕಡಿಮೆ. ಎರಡೂ ಸೇರಿ ತೂಕ ಸರಿಯಾಗಿ ಕಾಣುತ್ತದೆ, ಅಷ್ಟೆ.

ಆಮೇಲೆ ಅವಳು ಕೇಳಿದಳು: ಬಾಯಾರಿಕೆ ಆಗುತ್ತಿತ್ತೇ? ಪದೇಪದೇ ಬಚ್ಚಲಿಗೆ ಹೋಗಬೇಕಾಗುತ್ತಿತ್ತೇ?

ಇಲ್ಲ ಎಂದ ಲಿಸಿಯಾತೆ. ವರ್ಷದ ಹಿಂದೆಯೇ ಅವನು ಕಚೇರಿಯಲ್ಲಿ ಕೇಳಿಕೊಂಡು ತನ್ನ ಮೇಜನ್ನು ಬಚ್ಚಲಿಗೆ ಹತ್ತಿರ ಹಾಕಿಸಿಕೊಂಡಿದ್ದ.

ಮನೆಯ ನಡುದಾರಿಯಲ್ಲಿ ಅಪ್ಪನ ಫೋಟೋ ಒಂದಿತ್ತು. ಅಮೆರಿಕಕ್ಕೆ ಬಂದಿಳಿದ ದಿನ ವಿಮಾನದ ಮೆಟ್ಟಿಲ ಬಳಿ ತೆಗೆದದ್ದು. ಅದರ ಮುಂದೆ ಅವನು ದಿನಕ್ಕೆ ಹತ್ತು ಸಲ ಹಾದುಹೋಗುತ್ತಿದ್ದ. ಅಂದು ನಿಂತ. ಫೋಟೋದ ಹಿಂದೆ ಬರೆದಿದ್ದ ವರ್ಷದಿಂದ ಎಣಿಸಿದರೆ ಅಪ್ಪನಿಗೆ ಆಗ ಮೂವತ್ತೆಂಟು. ಸಣಕಲು ಮಣಿಕಟ್ಟು. ಅಂಗಿ ತೋಳಿನಲ್ಲಿ ಜೋಲುತ್ತಿತ್ತು. ಬೆಲ್ಟಿನ ಮೇಲೆ ಮಾತ್ರ ಒಂದಿಷ್ಟು ಮುಂದಕ್ಕೆ ಬಂದಿದ್ದ ಮೆತ್ತನೆಯ ಹೊಟ್ಟೆ. ಊದಿಕೊಂಡು ಸತ್ತವನು ಹೀಗಿದ್ದನೆಂದು ಮನೆಯಲ್ಲಿ ಎಲ್ಲರೂ ಮರೆತಿದ್ದರು. ಕೆಲೇಪಿ ಅಪ್ಪನಂತೆ ಎಂದು ಎಲ್ಲರೂ ಹೇಳುತ್ತ ಬಂದಿದ್ದರು. ಲಿಸಿಯಾತೆ ತನ್ನ ಅಂಗಿಯನ್ನು ಸರಿಸಿ, ಬೆಲ್ಟಿನ ಮೇಲೆ ಕೈಯಿಟ್ಟು ನೋಡಿಕೊಂಡ. ಒಳಗೆ ಊಟಕ್ಕೆ ಕರೆಯುತ್ತಿದ್ದರು.

ಅಂದೇ ಹೇಳಬೇಕೆಂದಿದ್ದ. ಮೇಜಿನ ತುದಿಯಲ್ಲಿ ಫೂಸಿ ಕೂತಿದ್ದಳು, ಅಕ್ಕನ ಮುಂದೆ ಇಂಥ ಮಾತು ಹೇಗೆ ಎಂದು ಸುಮ್ಮನಾದ. ಮರುದಿನ ಅಮ್ಮನಿಗೆ ತಲೆನೋವು. ಅದರ ಮರುದಿನ ಪಾದ್ರಿ ಬಂದಿದ್ದರು. ಹೀಗೆ ಒಂದೊಂದು ದಿನಕ್ಕೂ ಒಂದೊಂದು ನೆಪ ಸಿಕ್ಕಿತು. ಇನ್ನೂ ಪರೀಕ್ಷೆಗಳಿವೆ ಎಂದು ಹೇಳಿ ಮನೆಯಿಂದ ಹೊರಡುತ್ತಿದ್ದ. ದೊಡ್ಡ ಅಂಗಡಿಯೊಂದರ ಕಾರು ನಿಲ್ಲಿಸುವ ಬಯಲಿನಲ್ಲಿ ಗಂಟೆಗಟ್ಟಲೆ ಕೂತು, ಬೆಟ್ಟದ ಮೇಲಿನ ಹಿಮ ದಿನದಿಂದ ದಿನಕ್ಕೆ ಮೇಲಕ್ಕೆ ಸರಿಯುವುದನ್ನು ನೋಡುತ್ತಿದ್ದ. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯ ಸೀಸೆ ಕಾರಿನ ಖಾನೆಯಲ್ಲಿತ್ತು, ಮುದ್ರೆ ಒಡೆಯದೆ.

ಅವನಿಗೆ ಮಾತ್ರ ಗೊತ್ತಿದ್ದ ಒಂದು ಸಂಗತಿಯಿತ್ತು. ಅಪ್ಪನ ಮಣ್ಣಾದ ಮೂರನೆಯ ದಿನ ಶೆಡ್ಡಿನಲ್ಲಿ ಸುತ್ತಿಗೆ ಹುಡುಕುವಾಗ, ಹತ್ಯಾರದ ಪೆಟ್ಟಿಗೆಯ ತಳದಲ್ಲಿ ಅವನಿಗೆ ಅಪ್ಪನ ಹೆಸರಿದ್ದ, ಸಕ್ಕರೆ ಕಾಯಿಲೆಯ ಹನ್ನೊಂದು ಮಾತ್ರೆ ಸೀಸೆಗಳು ಸಿಕ್ಕಿದ್ದವು. ಒಂದನ್ನೂ ತೆರೆದಿರಲಿಲ್ಲ. ತಾರೀಖುಗಳು ಹದಿನೈದು ವರ್ಷ ಹಿಂದಿನವು. ಯಾರಿಗೂ ಹೇಳದೆ ಅವನ್ನು ಪೇಟೆಯ ಕಸದ ತೊಟ್ಟಿಗೆ ಹಾಕಿ ಬಂದಿದ್ದ. ಈಗ ಕಾರಿನಲ್ಲಿ ಕೂತಾಗ ಕೆಲವು ಸಲ ಪಕ್ಕದ ಸೀಟಿನಲ್ಲಿ ಭಾರವಾದ ಉಸಿರು ಕೇಳಿಸಿದಂತಾಗುತ್ತಿತ್ತು. ಬೈಯುವ ಉಸಿರಲ್ಲ. ಜೊತೆಗೆ ಕೂತವರ ಉಸಿರು. ಅವನು ತಿರುಗಿ ನೋಡುತ್ತಿರಲಿಲ್ಲ, ರೇಡಿಯೋ ಹಾಕುತ್ತಿದ್ದ.

ಮೂರು ವಾರ ಹಾಗೇ ಕಳೆಯಿತು. ಏಪ್ರಿಲ್ ಕೊನೆಯಲ್ಲಿ ಫೂಸಿಯ ತೋಳಿನ ಸೂಜಿ ಜಾಗ ಕೆಟ್ಟು, ಕುತ್ತಿಗೆಗೆ ನಳಿಕೆ ಹಾಕಿ ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಮನೆಗೆ ಬಂದ ಸಂಜೆ ಅವಳ ಉಸಿರಿನಲ್ಲಿ ಅಪ್ಪನ ಕೊನೆಯ ತಿಂಗಳ ಆ ವಾಸನೆ, ತುಕ್ಕು ಮತ್ತು ಮೂತ್ರ ಬೆರೆತಂಥದ್ದು. ಅಮ್ಮ ಅದನ್ನು ಗಮನಿಸದವಳಂತೆ ಕಿಟಕಿ ತೆರೆದಳು. ಎಲ್ಲರೂ ಊಟಕ್ಕೆ ಕೂತಿದ್ದರು. ಫೂಸಿ ಚಮಚ ಕೆಳಗಿಟ್ಟಳು. ಅಲ್ಲಿಯವರೆಗೆ ಒಮ್ಮೆಯೂ ಕೇಳದಿದ್ದವಳು ಕೇಳಿದಳು.

"ಲಿಸಿ, ಯಾವತ್ತು ಅಂತ ಏನಾದ್ರೂ ಹೇಳಿದ್ರಾ?"

ಅವನು ಮೇಜನ್ನೇ ನೋಡುತ್ತ ಎಲ್ಲವನ್ನೂ ಹೇಳಿದ. ಸಕ್ಕರೆ, ಯಕೃತ್ತು, ಕರುಳಿನ ಸುತ್ತ ಕೂತ ಕೊಬ್ಬು, ನೂರಕ್ಕೆ ಮೂವತ್ತೆರಡು. ಅಕ್ಕನ ಮುಂದೆ ಆಡಬಾರದ ಮಾತುಗಳೆಲ್ಲ ಒಂದರ ಹಿಂದೆ ಒಂದು ಬಂದವು. ಲೂಪೆ ಬಾಯಿಗೆ ಕೈ ಅಡ್ಡ ಹಿಡಿದಳು.

"ಇದು ಯಾವತ್ತು ಗೊತ್ತಾಗಿದ್ದು?" ಎಂದು ಕೇಳಿದ ಕೆಲೇಪಿ.

"ಮೂರು ವಾರ ಆಯ್ತು."

ಕೆಲೇಪಿ ತನ್ನ ತಟ್ಟೆಯನ್ನು ನೋಡಿದ. ಹದಿನಾರು ಪೌಂಡು ಇಳಿಸಿದವನು ಆ ವಾರಗಳಲ್ಲಿ ಹದಿನಾಲ್ಕು ವಾಪಸು ಏರಿದ್ದ.

"ನೀನು ಕೊಡ್ತೀಯ ಅಂತ ನಾನು ತಿಂದೆ," ಎಂದ. ದನಿ ಏರಿರಲಿಲ್ಲ. "ದಿನಾ ನನ್ನ ಎದುರೇ ಕೂತು ನಾನು ತಿನ್ನೋದನ್ನ ನೋಡ್ತಿದ್ದೆ. ಒಂದು ಮಾತು ಹೇಳ್ಲಿಲ್ಲ. ಇಷ್ಟು ದಿನ ಎಲ್ರೂ ನಂಗೆ ಕೊಬ್ಬು ಅಂತಿದ್ರು. ಕೊಬ್ಬು ನಂಗಲ್ಲ ಕಣೋ. ನಿಂಗೆ."

ಅವನು ಎದ್ದು ಕೆಳಗೆ ಹೋದ. ಮೆಟ್ಟಿಲು ಒಂದೊಂದಾಗಿ ಕಿರುಗುಟ್ಟಿದವು.

ಅಮ್ಮನ ಕೈ ಬಡಿಸುವ ಸೌಟಿನ ಮೇಲೇ ಇತ್ತು. ಅವನ ತಟ್ಟೆಯಿಂದ ತೆಗೆದು ತೆಗೆದು ನಿನಗೆ ಹಾಕಿದೆನಲ್ಲೋ ಎಂದಳು. ಅದನ್ನೇ ಎರಡು ಸಲ ಹೇಳಿದಳು, ಲೆಕ್ಕ ಸರಿಹೊಂದದವಳ ಹಾಗೆ. ಅಪ್ಪನೂ ಸಣ್ಣಗಿದ್ದ ಅಮ್ಮಾ, ಫೋಟೋ ನೋಡು ಎಂದ ಲಿಸಿಯಾತೆ. ಆಮೇಲೆ ಹನ್ನೊಂದು ಸೀಸೆಗಳ ಮಾತನ್ನೂ ಹೇಳಿಬಿಟ್ಟ.

ಅಮ್ಮ ಅಳಲಿಲ್ಲ. ಎದ್ದು ನಡುದಾರಿಗೆ ಹೋಗಿ ನಿಂತಳು.

ಫೂಸಿ ಕುತ್ತಿಗೆಯ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಮಾತಾಡಿದಾಗ ಅದು ಹಿರಿಯಕ್ಕನ ಆಜ್ಞೆಯ ದನಿ.

"ಇನ್ಮೇಲೆ ಈ ಮನೇಲಿ ಮೈ ವಿಷಯ ಏನಿದ್ರೂ ನನ್ನ ಮುಂದೇನೇ ಆಡಿ. ನನ್ನ ಮರ್ಯಾದೆ ಕಾಯ್ತೀವಿ ಅಂತ ಹೇಳಿ ನನ್ನ ಕೊಲ್ಬೇಡಿ. ನಾಳೆ ಕೆಲೇಪೀನ ಅದೇ ನರ್ಸ್ ಹತ್ರ ಕರ್ಕೊಂಡು ಹೋಗು. ನಿಂಗೆ ಮಾಡಿದ ಪರೀಕ್ಷೆ ಅವನಿಗೂ ಮಾಡ್ಲಿ. ಹೊರಗಿನ ತೂಕ ನೋಡಿ ನಿನ್ನ ಒಳಗೆ ಬಿಟ್ಕೊಂಡ್ರು, ಅವನ್ನ ಆಚೆ ಹಾಕಿದ್ರು. ಒಳಗೇನಿದೆ ಅಂತ ಅವನದೂ ನೋಡ್ಲಿ. ಅವನು ಮಾತಾಡ್ಸ್ದೇ ಇದ್ರೂ ಪಕ್ಕದಲ್ಲಿ ಕೂತು ಹೋಗು."

ಕೆಲೇಪಿ ಮಾತಾಡಿಸಲಿಲ್ಲ. ಆಸ್ಪತ್ರೆಯವರೆಗೂ ಕಿಟಕಿಯಾಚೆ ನೋಡಿಕೊಂಡೇ ಬಂದ. ಮಾರ್ಲಿಸ್ ಮೊದಲು, ನಿಯಮ ನಿಯಮವೇ ಎಂದಳು. ಲಿಸಿಯಾತೆ ಅವಳದೇ ಮಾತನ್ನು ಅವಳಿಗೆ ಹೇಳಿದ: ತಕ್ಕಡಿಗೆ ಒಳಗೇನಿದೆ ಗೊತ್ತಿಲ್ಲ ಎಂದಿರಿ. ನನ್ನದು ತೆರೆದು ನೋಡಿದಿರಿ. ಇವನದನ್ನು ಫೋನಿನಲ್ಲೇ ಮುಚ್ಚಿಬಿಟ್ಟಿರಿ. ಅವಳು ಒಳಗೆ ಹೋಗಿ ವೈದ್ಯರನ್ನು ಕೇಳಿ ಬಂದಳು.

ಕೆಲೇಪಿಯ ಚಿತ್ರದಲ್ಲಿ ಹಳದಿ ಹೊರಗೆ, ಚರ್ಮದಡಿ ಹರಡಿತ್ತು, ಒಳಗೆಲ್ಲ ಸ್ನಾಯುವಿನ ಕೆಂಪು. ನೂರಕ್ಕೆ ಇಪ್ಪತ್ತಾರು. ತಮ್ಮನಿಗಿಂತ ಸುಮಾರು ನೂರಿಪ್ಪತ್ತು ಪೌಂಡು ಹೆಚ್ಚು ತೂಗುವವನ ಮೈಯಲ್ಲಿ ತಮ್ಮನಿಗಿಂತ ಕಡಿಮೆ ಪಾಲು ಕೊಬ್ಬು. ಸಕ್ಕರೆ ಇಲ್ಲ, ರಕ್ತದೊತ್ತಡವೂ ಸರಿಯಾಗಿತ್ತು. ಇದೆಲ್ಲ ಹೇಳಿ ಮುಗಿಸಿದ ಮೇಲೆ ಮಾರ್ಲಿಸ್ ಉಪವಾಸದ ಕಥೆ ಕೇಳಿ ಸಿಟ್ಟಾದಳು. ತಿನ್ನದೆ ಕಲ್ಲು ಹೊತ್ತರೆ ಮೈ ಕೊಬ್ಬಿನ ಜೊತೆ ಸ್ನಾಯುವನ್ನೂ ಸುಡುತ್ತದೆ, ನೀವು ಇಳಿಸಿದ್ದರಲ್ಲಿ ಅರ್ಧದಷ್ಟು ಅದೇ ಇರಬೇಕು, ಮತ್ತೆ ಏರಿದ್ದು ಮಾತ್ರ ಬರೀ ಕೊಬ್ಬು ಎಂದಳು. ಸಂಖ್ಯೆಯನ್ನು ಮೆಚ್ಚಿಸಲು ಹೋಗಿ ಒಳ್ಳೆಯದನ್ನೇ ಕಳೆದುಕೊಂಡಿರಿ.

ಮೂರು ವಾರದ ಮೇಲೆ ಆಸ್ಪತ್ರೆಯ ಸಮಿತಿಯಿಂದ ಕಾಗದ ಬಂತು. ಮಿತಿಯನ್ನು ಪೂರಾ ಬಿಡಲು ಅವರು ಒಪ್ಪಲಿಲ್ಲ. ಆದರೆ ಒಂದೇ ಸಂಖ್ಯೆಗೆ ಕಟ್ಟುಬೀಳುವುದಿಲ್ಲ, ಶರತ್ಕಾಲದವರೆಗೆ ನಿಧಾನವಾಗಿ ಹನ್ನೆರಡು ಪೌಂಡು ಇಳಿಸಲಿ, ಸ್ನಾಯು ಕರಗದೆ ಇಳಿಸಲಿ, ಆಮೇಲೆ ಮತ್ತೆ ಚಿತ್ರ ತೆಗೆದು ನೋಡೋಣ ಎಂದಿದ್ದರು. ಲೂಪೆ ಅದನ್ನು ಮೇಜಿನ ಬಳಿ ಗಟ್ಟಿಯಾಗಿ ಓದಿದಳು, ಕೊಬ್ಬು, ಸ್ನಾಯು ಎಂಬ ಪದಗಳನ್ನೂ ಬಿಡದೆ, ಫೂಸಿಯ ಮುಂದೆಯೇ.

ಆ ಬೇಸಿಗೆ ಜಗಳದಲ್ಲೇ ಕಳೆಯಿತು. ಮೀನು, ಮೊಟ್ಟೆ, ಸೊಪ್ಪು, ಬೇಯಿಸಿದ ಕೋಳಿ ಎಂದು ಲೂಪೆ ಅಡುಗೆಮನೆಯನ್ನು ತನ್ನ ಕೈಗೆ ತೆಗೆದುಕೊಂಡಳು. ತೆಂಗಿನಹಾಲಿಲ್ಲದ ಭಾನುವಾರ ಭಾನುವಾರವೇ ಅಲ್ಲ ಎಂದು ಅಮ್ಮ ಮೂರು ವಾರ ಅವಳೊಂದಿಗೆ ಮಾತು ಬಿಟ್ಟಳು. ಬಾಟಲಿ ಸೋಡಾಗಳೆಲ್ಲ ಹೊರಗೆ ಹೋದವು. ಲಿಸಿಯಾತೆ ಮಾತ್ರೆಯ ಮುದ್ರೆ ಒಡೆದು, ಎಲ್ಲರೂ ನೋಡುವಂತೆ ಉಪ್ಪಿನ ಡಬ್ಬಿಯ ಪಕ್ಕ ಇಟ್ಟ. ಅಮ್ಮ ಅದನ್ನು ಮುಟ್ಟದೆ, ಸುತ್ತ ಒರೆಸುತ್ತಿದ್ದಳು.

ಜುಲೈಯ ಒಂದು ಶನಿವಾರ ಬೆಳಗ್ಗೆ ಕೆಲೇಪಿ ತನ್ನ ಟ್ರಕ್ಕಿನ ಹಾರ್ನು ಒತ್ತಿದ. ಲಿಸಿಯಾತೆ ಹೊರಗೆ ಬಂದರೆ, ಗಾಡಿ ಹತ್ತು ಎಂದ ಅಣ್ಣ. ಮೂರು ತಿಂಗಳ ಮೇಲೆ ಆಡಿದ ಮೊದಲ ಮಾತು ಅದು. ಬೆಟ್ಟದ ಬುಡದಲ್ಲಿ ಯಾರದೋ ತೋಟದ ಗೋಡೆ. ಇಡೀ ದಿನ ಅವನಿಂದ ಕಲ್ಲು ಹೊರಿಸಿದ. ಮೊದಲು ಸಣ್ಣವು, ಮಧ್ಯಾಹ್ನದ ಮೇಲೆ ದೊಡ್ಡವು. ಸಂಜೆಗೆ ಲಿಸಿಯಾತೆಯ ಅಂಗೈ ಸುಲಿದಿತ್ತು.

"ಮುಂದಿನ ಶನಿವಾರಾನೂ ಬರ್ಬೇಕು," ಎಂದ ಕೆಲೇಪಿ. "ಸ್ನಾಯು ಅಂಗಡೀಲಿ ಸಿಗಲ್ವಂತೆ."

ಪ್ರತಿ ಶನಿವಾರ ಹೋದ. ಸಕ್ಕರೆಯ ಅಂಕಿ ಸ್ವಲ್ಪ ಇಳಿಯಿತು. ಅಮ್ಮ ಮಾತ್ರ ಈಗಲೂ ಕೆಲವೊಮ್ಮೆ ಪೌಲಿ ಎಂದು ಕರೆಯುತ್ತಿದ್ದಳು. ಅವನು ಹೋಗಿ ಎದುರು ನಿಂತರೆ ಏನೂ ಹೇಳದೆ ಅವನನ್ನು ಮೇಲಿಂದ ಕೆಳಗೆ ನೋಡಿ, ಹೋಗು ಎನ್ನುತ್ತಿದ್ದಳು. ಈಗ ಅವಳಿಗೆ ತಾನು ಏನು ಕರೆದೆನೆಂದು ಗೊತ್ತಿರುತ್ತಿತ್ತು.

ಸೆಪ್ಟೆಂಬರಿನಲ್ಲಿ ಸಮಿತಿ ಒಪ್ಪಿತು. ಶಸ್ತ್ರಚಿಕಿತ್ಸೆ ಅಕ್ಟೋಬರ್ ಹದಿನೇಳಕ್ಕೆ ಗೊತ್ತಾಯಿತು. ಅಂದು ಬೆಳಗ್ಗೆ ಫೂಸಿಯನ್ನು ಒಂದು ಕಡೆ, ಕೆಲೇಪಿಯನ್ನು ಇನ್ನೊಂದು ಕಡೆ ಮಲಗಿಸಿದರು. ಪಾದ್ರಿ, ಅಮ್ಮ, ಲೂಪೆ ಎಲ್ಲರೂ ಪ್ರಾರ್ಥಿಸಿ ಮುಗಿದ ಮೇಲೆ ಕೆಲೇಪಿ ತಮ್ಮನೊಬ್ಬನನ್ನು ಉಳಿಸಿಕೊಂಡ. ಆಸ್ಪತ್ರೆಯ ತೆಳು ಅಂಗಿ ಅವನ ಭುಜಕ್ಕೆ ಸಾಲದೆ ಹಿಂದೆ ತೆರೆದುಕೊಂಡಿತ್ತು.

"ನಿಂಗೆ ಒಂದು ಮಾತು ಹೇಳ್ಬೇಕು," ಎಂದ. "ಕೊಡೋಕೆ ನನ್ನ ಹತ್ರ ಇದ್ದಿದ್ದು ಒಂದೇ. ಅದು ಇವತ್ತು ಅಕ್ಕಂಗೆ ಹೋಗುತ್ತೆ. ನಾಳೆ ನಿಂಗೆ ಬೇಕಾದ್ರೆ ನನ್ನ ಹತ್ರ ಇನ್ನೊಂದಿಲ್ಲ."

"ಗೊತ್ತು," ಎಂದ ಲಿಸಿಯಾತೆ.

"ಗೊತ್ತು ಅನ್ಬೇಡ. ಅಪ್ಪ ಎಲ್ಲದಕ್ಕೂ ಗೊತ್ತು ಗೊತ್ತು ಅಂತಾನೇ ಇದ್ದ."

ಮಂಚ ತಳ್ಳುವವರು ಬಂದರು. ಕೆಲೇಪಿ ತಮ್ಮನ ಮಣಿಕಟ್ಟನ್ನು ಹಿಡಿದಿದ್ದವನು ಬಾಗಿಲವರೆಗೂ ಬಿಡಲಿಲ್ಲ. ಅಲ್ಲಿ ಬಿಡಬೇಕಾಯಿತು.

ಮಧ್ಯಾಹ್ನ ಒಂದೂವರೆಗೆ ವೈದ್ಯೆ ಹೊರಗೆ ಬಂದು, ಇಬ್ಬರೂ ಚೆನ್ನಾಗಿದ್ದಾರೆ, ಮೂತ್ರಪಿಂಡ ಜೋಡಿಸಿದ ಕೂಡಲೇ ಕೆಲಸ ಶುರುಮಾಡಿತು ಎಂದಳು. ಅಮ್ಮ ನೆಲದ ಮೇಲೆ ಮಂಡಿಯೂರಿದಳು. ಲೂಪೆ ಅಪರಿಚಿತರನ್ನೆಲ್ಲ ತಬ್ಬಿಕೊಂಡಳು. ಇಷ್ಟು ಹೊತ್ತು ಹಿಡಿದಿದ್ದ ಅಳು ಅವಳಿಗೆ ಆಗ ಬಂತು. ಲಿಸಿಯಾತೆ ಅಮ್ಮನನ್ನು ಎತ್ತಿ ಕೂರಿಸಿ, ನೀರು ಕುಡಿಸಿ, ಈಗ ಬರುತ್ತೇನೆ ಎಂದು ಹೇಳಿ ಮೆಟ್ಟಿಲ ಬಾಗಿಲು ತೆರೆದ.

ಒಂಬತ್ತು ಮಹಡಿಯ ಕಟ್ಟಡ. ಅವನು ಪೂರಾ ಕೆಳಗಿಳಿದು, ಗೋಡೆ ಮುಟ್ಟಿ, ಮತ್ತೆ ಹತ್ತತೊಡಗಿದ. ಆರನೆಯ ಮಹಡಿಯಲ್ಲಿ ಉಸಿರು ಸಿಗದೆ ಕಂಬಿ ಹಿಡಿದು ನಿಂತ. ಕೆಳಗಿನ ತಿರುವಿನಲ್ಲಿ ಯಾರೋ ಹತ್ತುತ್ತಿದ್ದರು. ಅಪ್ಪ ಊದಿದ ಕಾಲಲ್ಲಿ ಹತ್ತುತ್ತಿದ್ದ ಹಾಗೆ, ಮೆಟ್ಟಿಲಿಗೊಮ್ಮೆ ನಿಂತು, ಅವಸರವಿಲ್ಲದೆ. ಅವನು ನಿಂತಷ್ಟು ಹೊತ್ತು ಆ ಹೆಜ್ಜೆಯೂ ನಿಂತಿತು. ಲಿಸಿಯಾತೆ ಕೆಳಗೆ ಬಗ್ಗಿ ನೋಡಿದ. ಯಾರೂ ಇರಲಿಲ್ಲ. ಕಂಬಿಯಿಂದ ಕೈ ತೆಗೆದು ಏಳನೆಯ ಮಹಡಿಯ ಮೆಟ್ಟಿಲಿಗೆ ಕಾಲಿಟ್ಟ.